ಸಾವಂತ್ರೆವ್ವನ ನಾರ್ಮಲ್ ಕೈ

ಉಗರಗೋಳದಿಂದ ಯಲ್ಲಮ್ಮನ ಗುಡ್ಡಕ್ಕೆ ಹೋಗುವ ರಸ್ತೆಯ ಎಡಮಗ್ಗುಲಿಗೆ ಒಂದು ಖಾನಾವಳಿ ಇದೆ. ಅದರ ಬೋರ್ಡಿನ ಮೇಲೆ ಮಾಲೀಕನ ಹೆಸರಿಲ್ಲ, ದೇವರ ಹೆಸರೂ ಇಲ್ಲ. 'ಸಾವಂತ್ರೆವ್ವನ ಬಡಿದ ರೊಟ್ಟಿ' ಎಂದಷ್ಟೇ ದಪ್ಪ ಅಕ್ಷರದಲ್ಲಿ ಬರೆದಿದೆ. ಬರೆಸಿದವನು ಅವಳ ಮಗ ಶ್ರೀಶೈಲ. ಬೋರ್ಡ್ ಏರಿದ ದಿನ ಸಾವಂತ್ರೆವ್ವ ನಾಚಿ ಒಳಗೆ ಓಡಿದ್ದಳು. ಆಮೇಲೆ ಗಿರಾಕಿ ಇಲ್ಲದ ಹೊತ್ತು ನೋಡಿ, ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ಕಣ್ತುಂಬ ನೋಡಿದ್ದಳು. ಮುಂದೊಂದು ದಿನ ಇದೇ ಬೋರ್ಡ್ ತನ್ನನ್ನು ಒಲೆಯ ಮುಂದಿನಿಂದ ಏಳಗೊಡುವುದಿಲ್ಲ ಎಂದು ಆಗ ಅವಳಿಗೆ ಹೇಗೆ ತಿಳಿಯಬೇಕು?

ಸಾಲಹಳ್ಳಿಯಿಂದ ಸೊಸೆಯಾಗಿ ಬಂದಂದಿನಿಂದ ಅವಳು ರೊಟ್ಟಿ ಬಡಿಯುತ್ತಲೇ ಇದ್ದಾಳೆ. ಮೊದಲು ಮನೆ ಮಂದಿಗೆ, ಆಮೇಲೆ ಹೊಲಕ್ಕೆ ಬಂದ ಆಳುಗಳಿಗೆ, ಗಂಡ ಬಸವಣ್ಣೆಪ್ಪ ಖಾನಾವಳಿ ಇಟ್ಟ ಮೇಲೆ ಗುಡ್ಡಕ್ಕೆ ಬಂದ ಭಕ್ತರಿಗೆಲ್ಲ. ಹುಣ್ಣಿಮೆ ಬಂತೆಂದರೆ ಬೆಳಗಿನಿಂದ ಅವಳ ಅಂಗೈ ಸದ್ದು ನಿಲ್ಲುವುದಿಲ್ಲ. ಅವಳ ರೊಟ್ಟಿ ತೆಳ್ಳಗೆ, ದುಂಡಗೆ, ಅಂಚು ಒಡೆಯದೆ ಹಂಚಿನ ಮೇಲೆ ಉಬ್ಬಿ ನಿಲ್ಲುತ್ತದೆ. ಒಮ್ಮೆ ಉಂಡವರು ಮುಂದಿನ ಸಲ ಬಂದಾಗ ದೇವಿಗಿಂತ ಮೊದಲು ಇವಳನ್ನು ಕೇಳುತ್ತಾರೆ.

ನಾರ್ಮಲ್ ಎಂಬ ಶಬ್ದ ಅವಳ ಕಿವಿಗೆ ಮೊದಲು ಬಿದ್ದದ್ದು ಸೊಸೆ ಉಮಾಶ್ರೀ ಬೈಲಹೊಂಗಲದಲ್ಲಿ ಹಡೆದಾಗ. ನರ್ಸ್ ಬಾಗಿಲು ತೆರೆದು "ನಾರ್ಮಲ್ ಆತ್ರಿ" ಎಂದಳು. ಎಲ್ಲರೂ ಒಮ್ಮೆಗೇ ಉಸಿರು ಬಿಟ್ಟರು, ಬಸವಣ್ಣೆಪ್ಪ ಪೇಡೆ ತರಲು ಓಡಿದ. ಪೇಡೆ ಹಂಚುವಂಥ ಶಬ್ದ ಎಂದು ಸಾವಂತ್ರೆವ್ವ ಮನಸ್ಸಿನಲ್ಲಿ ಇಟ್ಟುಕೊಂಡಳು. ಮುಂದೆ ಕಿತ್ತೂರಿನ ಕಡೆಯಿಂದ ಕಾರಿನಲ್ಲಿ ಬಂದವರು "ತಂಪು ಬ್ಯಾಡ, ನಾರ್ಮಲ್ ನೀರ ಕೊಡ್ರಿ" ಎನ್ನತೊಡಗಿದರು. ಕೊಡದಲ್ಲಿನ ನೀರಿಗೂ ಇಂಗ್ಲಿಷ್ ಹೆಸರು ಬಂತಲ್ಲ ಎಂದು ಅವಳಿಗೆ ನಗು. ಒಳ್ಳೆಯ ಶಬ್ದವೇ, ಯಾರಿಗೂ ಕೇಡು ಮಾಡದ್ದು. ಆದರೂ ತಾನಾಗಿ ಅದನ್ನು ಆಡಿದವಳಲ್ಲ. ಕಲಿತವರ ಮಾತು, ತನ್ನ ಬಾಯಲ್ಲಿ ಬಂದರೆ ಯಾರಾದರೂ ನಕ್ಕಾರು ಎಂಬ ಅಳುಕು.

ಆಮೇಲೆ ಬಲಗೈಗೆ ಬೇನೆ ಬಂತು. ಭುಜದಲ್ಲಿ ಹುಟ್ಟಿ, ಮೊಣಕೈ ದಾಟಿ, ಬೆರಳ ತುದಿಗೆ ಇಳಿಯುವ ಉರಿ. ಖಾರ ಕುಟ್ಟಿದ ಕೈಯನ್ನು ತೊಳೆಯದೆ ಬಿಟ್ಟ ಹಾಗೆ. ಮೊದಮೊದಲು ಬಸವಣ್ಣೆಪ್ಪ ದಿನಾ ಸಂಜೆ ಎಣ್ಣೆ ಬಿಸಿ ಮಾಡಿ ತಾನೇ ತಿಕ್ಕುತ್ತಿದ್ದ. "ನೂಸ್ತೈತೇನ? ಇಲ್ಲೇನ?" ಎಂದು ಕೇಳುತ್ತಿದ್ದ. ಅಷ್ಟು ಕೇಳಿದರೇ ಅರ್ಧ ಬೇನೆ ಇಳಿದಂತಾಗುತ್ತಿತ್ತು.

ಸವದತ್ತಿಯಲ್ಲಿ ಎಕ್ಸ್‌ರೇ ತೆಗೆಸಿದರು. ನಾರ್ಮಲ್. ಅಂದಿನಿಂದ ಎಣ್ಣೆ ತಿಕ್ಕುವುದು ನಿಂತಿತು.

"ಇವತ್ತ ಭಾಳ ಉರ್ಯಾಕತ್ತೈತ್ರಿ" ಎಂದರೆ, "ಎಲ್ಲಾ ನಾರ್ಮಲ್ ಐತಿ ಅಂದಾರಲ್ಲ ಡಾಕ್ಟ್ರು, ಸುಮ್ಮ ಮನಸ್ಸಿಗೆ ಹಚ್ಕೋಬ್ಯಾಡ" ಎನ್ನುತ್ತಿದ್ದ ಬಸವಣ್ಣೆಪ್ಪ. ಕೆಟ್ಟವನೇನಲ್ಲ. ಡಾಕ್ಟರ ಮಾತು ನಂಬಿದ, ಅಷ್ಟೇ. ಹೆಂಡತಿಯ ಮಾತನ್ನು ನಂಬಲು ಅವನಿಗೆ ಯಾವ ಮಷಿನ್ನೂ ಇರಲಿಲ್ಲವಲ್ಲ!

ಬೈಲಹೊಂಗಲದಲ್ಲಿ ರಕ್ತ ಪರೀಕ್ಷೆ ಆಯಿತು. ಅದೂ ನಾರ್ಮಲ್. ಅವತ್ತು ಸಾವಂತ್ರೆವ್ವ ಸೊಸೆಯನ್ನು ಒಲೆಯ ಹತ್ತಿರ ಕರೆದಳು. ಉಮಾಶ್ರೀ ಕಾಲೇಜು ಓದಿದವಳು.

"ನಾರ್ಮಲ್ ಅಂದ್ರ ಏನವಾ? ಬಿಡಿಸಿ ಹೇಳು."

"ಏನೂ ದೋಷ ಇಲ್ಲ, ಹೆಂಗ ಇರಬೇಕೋ ಹಂಗ ಐತಿ ಅಂತ್ರಿ ಅತ್ತಿ."

"ಹಂಗಂದ್ರ ಈ ಉರಿ ಇರಬೇಕಾದ್ದಾ?"

ಉಮಾಶ್ರೀ ಅತ್ತೆಯ ಮುಂದಿನ ಹಿಟ್ಟಿನ ಪರಾತವನ್ನು ತನ್ನ ಕಡೆ ಎಳೆದುಕೊಂಡು ತಾನೇ ರೊಟ್ಟಿ ಬಡಿದಳು. ಅಂಚು ಒಡೆದವು, ಒಂದೆರಡು ಹಂಚಿಗೆ ಹೋಗುವಾಗಲೇ ಹರಿದವು. ಉಣ್ಣಲು ಕುಳಿತಿದ್ದ ರಾಮದುರ್ಗದ ಗಿರಾಕಿಯೊಬ್ಬ ತಾಟಿನಲ್ಲಿ ಅರ್ಧ ಬಿಟ್ಟು, "ಇದು ಸಾವಂತ್ರೆವ್ವನ ಕೈದಲ್ಲ ಬಿಡ್ರಿ" ಎಂದು ಎದ್ದುಹೋದ. ಸಾವಂತ್ರೆವ್ವ ಪರಾತವನ್ನು ವಾಪಸು ಎಳೆದುಕೊಂಡಳು.

ಮಗನಿಗೂ ಕನಿಕರವಿತ್ತು. "ಯವ್ವಾ, ಧಾರವಾಡದಾಗ ದೊಡ್ಡ ಸ್ಕ್ಯಾನ್ ಮಾಡಸೂಣು. ಅದರಾಗ ಏನರ ಬಂತಂದ್ರ ಮರುದಿನಾನ ರೊಟ್ಟಿ ಮಷಿನ್ ತರತೇನಿ. ಬೋರ್ಡ್ ತಗಸತೇನಿ. ನೀ ಒಲಿ ಮುಂದ ಕುಂದ್ರೂದ ಬ್ಯಾಡ."

"ಏನೂ ಬರಲಿಲ್ಲಂದ್ರ?"

"ಬರಲಿಲ್ಲಂದ್ರ ಇನ್ನೂ ಚಲೋ ಅಲ್ಲೇನ್ ಬೇ!" ಎಂದು ಶ್ರೀಶೈಲ ನಕ್ಕ.

ಸಾವಂತ್ರೆವ್ವನಿಗೆ ನಗು ಬರಲಿಲ್ಲ. ಎಲ್ಲರಿಗೂ ಒಳ್ಳೆಯದಾದದ್ದು ತನ್ನೊಬ್ಬಳಿಗೆ ಕೆಟ್ಟದ್ದು ಎಂದು ಯಾರ ಮುಂದೆ ಹೇಳುವುದು? ಹೇಳಿದರೆ ಹುಚ್ಚಿ ಎಂದಾರು.

ಧಾರವಾಡದ ದವಾಖಾನೆಯಲ್ಲಿ ಮೈಮೇಲೆ ಲೋಹದ ವಸ್ತು ಇರಬಾರದು ಎಂದರು. ಅವಳು ಮೂಗುತಿ, ಕಿವಿಯೋಲೆ, ಕಾಲುಂಗುರ ತೆಗೆದಳು. ಕೊನೆಗೆ ತಾಳಿಯನ್ನೂ ತೆಗೆದು ಗಂಡನ ಅಂಗೈಯಲ್ಲಿ ಇಟ್ಟಳು. ಅವನು ಅದನ್ನು ಎರಡೂ ಕೈಯಲ್ಲಿ ಮುಚ್ಚಿ ಹಿಡಿದುಕೊಂಡ. ಒಳಗೆ ಕೊಳವೆಯಂಥ ಮಷಿನ್ನಿನಲ್ಲಿ ಮಲಗಿಸಿ, ಅಲುಗಾಡಬೇಡ ಎಂದು ಹೇಳಿ ಹೋದರು. ಮಷಿನ್ ಬಡಿಯತೊಡಗಿತು, ಯಾರೋ ತಲೆಯ ಹತ್ತಿರ ಕೂತು ಪುರಸೊತ್ತಿಲ್ಲದೆ ರೊಟ್ಟಿ ಬಡಿದ ಹಾಗೆ. ಆ ಸದ್ದಿನಲ್ಲಿ ಅವಳು ಕಣ್ಣು ಮುಚ್ಚಿ ಯಲ್ಲಮ್ಮನನ್ನು ಕರೆದಳು.

'ತಾಯಿ, ಏನರ ಸಿಗಲಿ. ದೊಡ್ಡದು ಬ್ಯಾಡ, ಸಣ್ಣದರ ಸಾಕು. ನನ್ನ ಮಾತು ಖರೆ ಅಂತ ಇವರಿಗೆ ಗೊತ್ತಾಗುವಷ್ಟು. ಹಸಿರು ಸೀರಿ ತಂದು ನಿನ್ನ ಉಡಿ ತುಂಬತೇನಿ.'

ಬೇಡಿಕೊಂಡ ಮೇಲೆ ಅದರ ಅರ್ಥ ಅವಳಿಗೆ ಹೊಳೆಯಿತು. ಗಂಡ, ಮಗ, ಮೊಮ್ಮಗು ಇರುವ ಮನೆಯ ಹೆಂಗಸು ರೋಗ ಬೇಡಿಕೊಳ್ಳುತ್ತಾಳೆಯೇ? ಗಲ್ಲ ಬಡಿದುಕೊಂಡು ತಪ್ಪಾಯಿತು ಎನ್ನೋಣವೆಂದರೆ ಕೈ ಅಲುಗಿಸುವ ಹಾಗಿಲ್ಲ. ಹರಕೆಯನ್ನು ಹಿಂದೆ ತೆಗೆದುಕೊಳ್ಳಲೂ ಇಲ್ಲ.

ಸಂಜೆ ಡಾಕ್ಟರು ಕರೆದು ನಗುನಗುತ್ತ ಹೇಳಿದರು, "ಎಲ್ಲಾ ನಾರ್ಮಲ್ ಐತ್ರಿ. ಹೆದರೂವಂಥಾದ್ದು ಏನೂ ಇಲ್ಲ."

ಶ್ರೀಶೈಲ ಕೈ ಮುಗಿದ. ಬಸವಣ್ಣೆಪ್ಪನ ಕಣ್ಣಲ್ಲಿ ನೀರು. ಸಾವಂತ್ರೆವ್ವನೂ ಅತ್ತಳು, ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕಿಬಿಕ್ಕಿ ಅತ್ತಳು. ಸಂತೋಷಕ್ಕೆ ಅಳುತ್ತಿದ್ದಾಳೆ ಎಂದುಕೊಂಡು ಇಬ್ಬರೂ ಅವಳ ಬೆನ್ನು ಸವರಿದರು. ಹೊರಗೆ ಬಂದ ಕೂಡಲೇ ಶ್ರೀಶೈಲ ಪೇಡೆ ಕೊಂಡ. ಅವಳ ಬಾಯಿಗೂ ಒಂದು ಇಟ್ಟ. ಅವಳು ಅದನ್ನು ದವಡೆಯಲ್ಲಿಟ್ಟುಕೊಂಡೇ ಬಸ್ ಹತ್ತಿದಳು.

ಬಸ್ಸಿನಲ್ಲಿ ಬಸವಣ್ಣೆಪ್ಪ ತಾಳಿಯನ್ನು ತಾನೇ ಅವಳ ಕೊರಳಿಗೆ ಹಾಕಿದ. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದ, "ನಿನ್ನ ತಾಳಿ ಕೈಯಾಗ ಹಿಡಕೊಂಡು ಕುಂತಾಗ ನನ್ನ ಜೀವ ಜೀವದಾಗ ಇರಲಿಲ್ಲ. ತಾಯಿ, ನಾರ್ಮಲ್ ಬರಲಿ, ಮನಿ ಮಂದಿಯೆಲ್ಲ ಗುಡ್ಡಕ್ಕ ಬಂದು ಪಡ್ಡಲಗಿ ತುಂಬಸತೇವಿ ಅಂತ ಬೇಡ್ಕೊಂಡೆ. ಆಕಿ ಕೇಳಿದಳು ನೋಡು."

ಒಂದೇ ಮನೆಯಿಂದ, ಒಂದೇ ಹೊತ್ತಿಗೆ, ಗೋಡೆಯ ಆಚೆಯಿಂದೊಂದು ಈಚೆಯಿಂದೊಂದು ಹರಕೆ ಹೋಗಿತ್ತು. ದೇವಿಯಾದರೂ ಏನು ಮಾಡಿಯಾಳು? ಇಂಥ ಗಂಡನ ಮೇಲೆ ಸಿಟ್ಟಾಗುವುದಾದರೂ ಹೇಗೆ? ಸಾವಂತ್ರೆವ್ವ ಕಿಟಕಿಯ ಕಡೆ ಮುಖ ತಿರುಗಿಸಿ ಕೂತಳು. ಕೈ ಉರಿಯುತ್ತಿತ್ತು.

ಪಡ್ಡಲಗಿ ಎಂದರೆ ದೇವಿಯ ಬಿದಿರಿನ ಬುಟ್ಟಿ. ಅದರಲ್ಲಿ ಹೋಳಿಗೆ, ಕಡಬು, ಪಲ್ಯ, ರೊಟ್ಟಿ ತುಂಬಿಸಿ ಪೂಜಿಸಿ ಜೋಗಮ್ಮಂದಿರಿಗೆ ಉಣಬಡಿಸಬೇಕು. ಅವರ ಮನೆಯ ಪದ್ಧತಿಯಲ್ಲಿ ಇನ್ನೊಂದು ಮಾತಿತ್ತು: ಯಾರ ಸಲುವಾಗಿ ಹರಕೆ ಹೊತ್ತಿದ್ದಾರೋ ಅವರ ಕೈಯಿಂದಲೇ ರೊಟ್ಟಿ ಆಗಬೇಕು. ಶ್ರೀಶೈಲ, ಸವದತ್ತಿಯಿಂದ ಮಷಿನ್ ರೊಟ್ಟಿ ತಂದರಾಯಿತು ಎಂದ. ಬಸವಣ್ಣೆಪ್ಪ ಹೌಹಾರಿದ.

"ಹರಕಿ ರೊಟ್ಟಿ ಕೊಂಡ ತರತಾರೇನೋ? ಆಕಿ ಕೈ ಚಲೋ ಐತಿ ಅಂತ ತೋರ್ಸಾಕಲ್ಲೇನು ಹರಕಿ ಮುಟ್ಸೂದು?"

"ನಾ ಬಡೀತೇನ್ರಿ ಮಾವಾರ" ಎಂದಳು ಉಮಾಶ್ರೀ.

"ನೀ ಹೋಳಿಗಿ ಮಾಡವಾ. ರೊಟ್ಟಿ ಆಕೀದ."

ಉಮಾಶ್ರೀ ಅತ್ತೆಯ ಮುಖ ನೋಡಿದಳು. ಬೇಡ ಎಂದು ಸಾವಂತ್ರೆವ್ವ ಹೇಳಬಹುದಿತ್ತು. ಆದರೆ ಏನೆಂದು ಹೇಳುವುದು? ಕೈಗೆ ಏನಾಗಿದೆ ಎಂದು ಕೇಳಿದರೆ ಉತ್ತರವಾಗಿ ತೋರಿಸಲು ಅವಳ ಹತ್ತಿರ ಏನಿತ್ತು?

ಮಂಗಳವಾರ ಬೆಳಗ್ಗೆ ಅವಳು ತಲೆಗೆ ನೀರು ಹಾಕಿಕೊಂಡು ಒಲೆಯ ಮುಂದೆ ಕೂತಳು. ಎಸರು ಹೊಯ್ದು ಹಿಟ್ಟು ನಾದಿದಳು, ಬಡಿದಳು. ತನ್ನ ಬೇನೆ ಯಾವ ಮಷಿನ್ನಿಗೂ ಸಿಗದೇ ಹೋದದ್ದಕ್ಕೆ ದೇವಿಯ ಉಪಕಾರ ಸ್ಮರಿಸಿ, ಆ ಬೇನೆಯ ಕೈಯಿಂದಲೇ ಬಡಿದಳು. ಕಣ್ಣೀರು ಮೂಗಿನ ತುದಿಗೆ ಬಂದಾಗ ಹರಕೆಯ ಹಿಟ್ಟಿಗೆ ಬೀಳಬಾರದೆಂದು ಮುಖ ತಿರುಗಿಸಿ ಎಡತೋಳಿಗೆ ಒರೆಸಿಕೊಂಡಳು. ಒಂದು ರೊಟ್ಟಿಯೂ ಒಡೆಯಲಿಲ್ಲ. ಒಡೆದಿದ್ದರೆ ಯಾರಾದರೂ ಏನಾದರೂ ಕೇಳುತ್ತಿದ್ದರೋ ಏನೋ, ಆದರೆ ಎಷ್ಟೋ ವರ್ಷದ ರೂಢಿ ಬಿದ್ದ ಕೈ ಹಾಗೆಲ್ಲ ಒಡೆಯಗೊಡುವುದಿಲ್ಲ.

ಗುಡ್ಡದ ಮೇಲೆ ಪಡ್ಡಲಗಿ ತುಂಬಿತು. 'ಉಧೋ ಉಧೋ' ಎಂದರು. ವಯಸ್ಸಾದ ಜೋಗಮ್ಮ ರಾಚವ್ವ ಅವಳ ಹಣೆಗೆ ಅರಿಸಿನದ ಭಂಡಾರ ಒತ್ತಿ, ಮುಂದಿದ್ದ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡಳು. "ಏನ್ ಕೈ ಯವ್ವಾ ನಿಂದು! ಈ ಕೈಗೆ ಏನಾಗಿತ್ತು ಅಂತ ಹರಕಿ?" ಎಂದು ಕೇಳಿದಳು.

ಬಸವಣ್ಣೆಪ್ಪ ಉತ್ತರ ಕೊಡಲು ಬಾಯಿ ತೆರೆದ. ಅಷ್ಟರಲ್ಲಿ ಸಾವಂತ್ರೆವ್ವನೇ ಮಾತಾಡಿದಳು. ಜೀವನದಲ್ಲಿ ಮೊದಲ ಸಲ ಆ ಶಬ್ದ ಅವಳ ಬಾಯಿಂದ ಬಂತು. ಎಲ್ಲಿಯೂ ತಡವರಿಸಲಿಲ್ಲ, ಯಾರೂ ನಗಲಿಲ್ಲ.

"ಏನೂ ಆಗಿಲ್ಲಬೇ, ನಾರ್ಮಲ್ ಐತಿ."

ಬಸವಣ್ಣೆಪ್ಪ ಖುಷಿಯಿಂದ ಮಗನ ಕಡೆ ನೋಡಿದ, ನಿಮ್ಮವ್ವ ಇಂಗ್ಲಿಷ್ ಕಲಿತಳು ನೋಡು ಎನ್ನುವಂತೆ. ಸಾವಂತ್ರೆವ್ವ ಸೆರಗಿನೊಳಗೆ ಎಡಗೈಯಿಂದ ಬಲಗೈ ಹಿಡಿದುಕೊಂಡು, ಮುಂದಿನ ತಾಟಿಗೆ ರೊಟ್ಟಿ ಬಡಿಸಲು ಬಗ್ಗಿದಳು.