ಅಕ್ಕ ಬಿಟ್ಟ ಮನೆ

ನನ್ನ ಅಕ್ಕ ಒಂದು ಅವಧಿ ಶಾಸಕಿಯಾಗಿದ್ದಳು. ಅವಳಿಗೆ ಒಂದು ಓಟು ಹಾಕುವ ಯೋಗ ಮಾತ್ರ ನನಗೆ ಬರಲಿಲ್ಲ. ಇಬ್ಬರೂ ಹುಟ್ಟಿದ್ದು ಹತ್ತಿಮತ್ತೂರಿನಲ್ಲಿ. ಅವಳನ್ನು ಊರೊಳಗೇ ಕೊಟ್ಟರು, ನನ್ನನ್ನು ದೂರದ ಚಿಕ್ಕೇರೂರಿಗೆ. ಕ್ಷೇತ್ರವೇ ಬೇರೆಯಾಯಿತು.

ಅವಳು ರಾಜಕೀಯಕ್ಕೆ ಬಂದದ್ದು ಮೀಸಲಾತಿಯಿಂದ. ಪಂಚಾಯ್ತಿ ಸೀಟು ಹೆಂಗಸರಿಗೆ ಬಂತೆಂದು ಅವಳ ಮಾವ ಅವಳನ್ನು ನಿಲ್ಲಿಸಿ, ಗೆದ್ದ ಮೇಲೆ ಅಧ್ಯಕ್ಷೆ ಮಾಡಿಸಿದರು. ಸಹಿ ಅವಳದು, ಮಾತು ಮಾವನದು ಎಂದೇ ಎಲ್ಲರೂ ತಿಳಿದಿದ್ದರು. ಆದರೆ ಹೆಣ್ಣುಮಕ್ಕಳ ಶಾಲೆಗೆ ನಳ ಹಾಕಿಸದೆ ಬೇರೆ ಯಾವ ಕೆಲಸಕ್ಕೂ ಸಹಿ ಮಾಡುವುದಿಲ್ಲವೆಂದು ಮೊದಲ ಸಭೆಯಲ್ಲೇ ಕೂತುಬಿಟ್ಟಳಂತೆ. ಮಾವ ಎಷ್ಟೋ ದಿನ ಅವಳ ಕೈಯ ಚಹಾ ಕುಡಿಯಲಿಲ್ಲ. ನಳ ಬಂತು. ಅಲ್ಲಿಂದ ಅವಳು ಜಿಲ್ಲಾ ಪಂಚಾಯ್ತಿಗೆ ಹೋದಳು, ಆಮೇಲೆ ವಿಧಾನಸಭೆಗೆ.

ಶಾಸಕಿಯಾದ ಮೇಲೆ ಅವಳೊಡನೆ ಹೇಗಿರಬೇಕೋ ನನಗೆ ತಿಳಿಯದಾಯಿತು. ಗೊಟಗೋಡಿಯಲ್ಲಿ ಒಂದು ಕಾರ್ಯಕ್ರಮಕ್ಕೆ ಅವಳು ಬರುವಳೆಂದು ಕೇಳಿ ನಾನೂ ಹೋಗಿದ್ದೆ. ವೇದಿಕೆಯಿಂದ ಇಳಿದು ಬರುತ್ತ ಎಲ್ಲರಿಗೂ ಕೈಮುಗಿಯುತ್ತಿದ್ದಳು. ನನ್ನ ಮುಂದೆ ಬಂದಾಗಲೂ ಕೈಮುಗಿದು, "ನಮಸ್ಕಾರ್ರಿ, ಆರಾಮ ಅದೀರಿ?" ಎಂದು ಮುಂದೆ ಹೋದಳು. ಅಕ್ಕಾ ಅನ್ನಬೇಕೋ, ಮೇಡಂ ಅನ್ನಬೇಕೋ ಎಂದು ನಾನು ತಡವರಿಸುವುದರೊಳಗೆ ಕಾರು ಹತ್ತಿಯಾಗಿತ್ತು. ಸಂಜೆ ತಾನೇ ಫೋನ್ ಮಾಡಿ, ಇಷ್ಟು ಯಾಕೆ ಸೊರಗಿದ್ದೀ, ಬಿಸಿಲಿನಲ್ಲಿ ತಲೆಯ ಮೇಲೆ ಸೆರಗಾದರೂ ಹಾಕಬಾರದಿತ್ತೇ ಎಂದು ಬೈದಳು. ಹಾಗಾದರೆ ನನ್ನನ್ನು ನೋಡಿಯೇ ಇದ್ದಳು.

ಮುಂದಿನ ಚುನಾವಣೆಗೆ ಇನ್ನೂ ತಿಂಗಳೊಪ್ಪತ್ತು ಇರುವಾಗ ಒಂದು ಮುಂಜಾನೆ ಮತ್ತೆ ಫೋನ್ ಬಂತು. ನಾನು ರೊಟ್ಟಿ ಬಡಿಯುತ್ತಿದ್ದೆ. ಅಕ್ಕನ ದನಿ ಸಣ್ಣದಾಗಿತ್ತು.

"ಇಷ್ಟು ವರ್ಷ ಇದ್ದ ಮನಿ ಬಿಟ್ರ ಮಂದಿ ಏನಂತಾರ?"

ಅತ್ತೆಮನೆಯಲ್ಲಿ ಮತ್ತೆ ಜಗಳವಾಗಿದೆ, ಬೇರೆ ಮನೆ ಮಾಡಬೇಕೆಂದಿದ್ದಾಳೆ ಎಂದುಕೊಂಡೆ.

"ಮಂದಿಗೆ ಯಾಕ ಹೆದರ್ತಿ ಅಕ್ಕಾ? ನಿನ್ನ ಮನಸಿಗೆ ಬಂದಂಗ ಮಾಡು," ಎಂದೆ.

ಆಯ್ತು ಬಿಡು ಎಂದು ಫೋನ್ ಇಟ್ಟಳು. ಸಂಜೆ ಟಿವಿಯಲ್ಲಿ ಅವಳ ಹೆಗಲ ಮೇಲೆ ಬೇರೆ ಪಕ್ಷದ ಶಾಲು ಇತ್ತು.

ನನ್ನ ಗಂಡ ನಮ್ಮೂರಲ್ಲಿ ಅವಳು ಬಿಟ್ಟುಬಂದ ಪಕ್ಷಕ್ಕೇ ದುಡಿಯುವವರು. ಊಟದ ತಾಟು ಸರಿಸಿ, ನಿನಗೆ ಮೊದಲೇ ಗೊತ್ತಿತ್ತೇನು ಎಂದು ಕೇಳಿದರು. ಹೌದು ಎಂದರೂ ಸುಳ್ಳು, ಇಲ್ಲ ಎಂದರೂ ಸುಳ್ಳು. ನಾನು ತಾಟು ತೆಗೆದುಕೊಂಡು ಒಳಗೆ ಹೋದೆ.

ಪ್ರಚಾರಕ್ಕೆ ಅಕ್ಕನ ಜೊತೆಗಿರಲು ತವರಿಗೆ ಹೋದೆ. ಅವಳ ಓಣಿಯಲ್ಲೇ ಒಬ್ಬ ಮುದುಕಿ, ಹಿಂದಿನ ಸಲ ಆರತಿ ಎತ್ತಿದ್ದವಳು, ಈ ಸರ್ತಿ ಯಾವ ಗುರುತಿಗೆ ಒತ್ತಬೇಕು ಎಂದು ಕೇಳಿದಳು. ಅಕ್ಕ ನಗುತ್ತ ಹಳೆಯ ಪಕ್ಷದ ಗುರುತನ್ನೇ ಹೇಳಿಬಿಟ್ಟಳು. ಜೊತೆಗಿದ್ದವರು ನಕ್ಕು ತೇಲಿಸಿದರು. ಅಕ್ಕ ತಿದ್ದಿ ಹೇಳಿದಳು. ಮುದುಕಿ ಮಾತ್ರ ಒಮ್ಮೆ ಅವಳ ಮುಖ, ಒಮ್ಮೆ ನನ್ನ ಮುಖ ನೋಡುತ್ತ ನಿಂತಳು, ನಾನೇನಾದರೂ ಬಿಡಿಸಿ ಹೇಳುತ್ತೇನೋ ಎಂಬಂತೆ.

ಅಕ್ಕ ಸೋತಳು.

ಸ್ವಲ್ಪ ದಿನ ಬಿಟ್ಟು ನಮ್ಮ ಮನೆಗೆ ಬಂದಳು. ಕಾರಿರಲಿಲ್ಲ, ಹಿಂದೆ ಮಂದಿಯಿರಲಿಲ್ಲ. ನನ್ನ ಗಂಡ ಬರ್ರಿ ಎಂದಷ್ಟೇ ಹೇಳಿ ಹೊಲಕ್ಕೆ ಹೋದರು. ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತ ಕೂತಾಗ ಕೇಳಿಯೇಬಿಟ್ಟೆ, ಅವತ್ತು ಮನಿ ಅಂತ ಯಾಕೆ ಅಂದಿ ಎಂದು.

"ಪಕ್ಷ ಅಂದಿದ್ರ ನೀ ಬ್ಯಾಡ ಅಂತಿದ್ದಿ," ಎಂದಳು. "ನನಗ ಅವತ್ತು ಯಾರಾದರೂ ಹೂಂ ಅನ್ನೋದು ಬೇಕಾಗಿತ್ತು."

ಮತ್ತೆ ಬಿಟ್ಟದ್ದಾದರೂ ಯಾಕೆ ಎಂದೆ. ಅವಳು ಸುಲಿದ ಕಾಳನ್ನು ಬುಟ್ಟಿಗೆ ಹಾಕಿದಳು.

"ಈ ಸರ್ತಿ ನಿಮಗ ಟಿಕೆಟ್ ಇಲ್ಲ ಅಂತ ಒಬ್ಬರು ಬಂದು ಹೇಳಿದ್ರು. ನಮ್ಮ ಹಳೇ ಪಕ್ಷದವರು ಹೇಳಿ ಕಳಿಸಿದ್ರೋ, ನನ್ನ ಸೆಳೀಲಿಕ್ಕೆ ಆ ಕಡೆಯವರು ಕಳಿಸಿದ್ರೋ, ನನಗ ಇನ್ನೂ ತಿಳಿವಲ್ದು."

ಅವಳ ಮೇಲೆ ಸಿಟ್ಟಾಗಬೇಕೋ, ಮರುಗಬೇಕೋ ನನಗೆ ಹೊಳೆಯಲಿಲ್ಲ. ಎದ್ದು ಚಹಾಕ್ಕಿಟ್ಟೆ.

ಮರುದಿನ ನಮ್ಮ ಓಣಿಯ ಹೆಂಗಸರು ಬಂದರು. ಗಂಡ ತೀರಿದವರಿಗೆ ಸರಕಾರದಿಂದ ಬರುವ ಪಗಾರ ಯಾಕೋ ನಿಂತಿತ್ತು. ಇದು ನನ್ನ ಕ್ಷೇತ್ರ ಅಲ್ಲರಿ, ಈಗ ನನಗೆ ಯಾವ ಕ್ಷೇತ್ರವೂ ಇಲ್ಲ ಎಂದು ಅಕ್ಕ ಹೇಳಿದಳು. ಅವರು ಅದನ್ನು ಕೇಳಿಸಿಕೊಳ್ಳದವರಂತೆ ಕೂತೇ ಇದ್ದರು. ಕಡೆಗೆ ಅವಳೇ ಎದ್ದು ಸೀರೆ ಬದಲಿಸಿ ಬಂದು, ಹಿರೇಕೆರೂರಿನ ಕಚೇರಿಗೆ ಹೋಗಿ ಕೇಳೋಣ ನಡೀರಿ ಎಂದಳು.

ಅವರ ಜೊತೆ ಅವಳೂ ಬಸ್ಸು ಹತ್ತಿದಳು. ಹೊಲದಿಂದ ಬಂದ ನನ್ನ ಗಂಡ ಬಸ್ಸು ಹೋದ ಕಡೆ ನೋಡುತ್ತ, ನಿಮ್ಮ ಅಕ್ಕ ಈಗ ಯಾವ ಪಕ್ಷದಾಗ ಅದಾರ ಎಂದು ಕೇಳಿದರು.

ಕೇಳಿಲ್ಲ ಎಂದೆ.