ಹುಕ್ಕೇರಿ ರಸ್ತೆಯಲ್ಲಿ ಇರದಿದ್ದ ತಗ್ಗು

ತಪ್ಪು ನನ್ನದು, ಬಸಪ್ಪಣ್ಣ. ಅಳತೆ ತಪ್ಪಿದ ಗಾಲಿಗಳನ್ನು ಗೊತ್ತಿದ್ದೇ ಜೋಡಿಸಿದೆ. ಟೈರು ಒಡೆದು ಕಾರು ಹೊಲಕ್ಕೆ ಇಳಿದಾಗ ಆ ತಪ್ಪನ್ನು ನಿಮ್ಮ ಮೇಲೆ ಹಾಕಿದೆ.

'ಗೊತ್ತಿದ್ದೇ' — ಈ ಒಂದು ಶಬ್ದ ಬರೆಯಲು ಇಷ್ಟು ವರ್ಷ ಬೇಕಾಯಿತು.

ಎರಡು ಸಾವಿರದ ಇಸವಿ ದಾಟಿದ ಮೊದಲ ವರ್ಷಗಳು. ಘಟಪ್ರಭಾದಲ್ಲಿ ನನ್ನ ಟೈರಿನ ಅಂಗಡಿ. ನೀವು ತುಕ್ಕಾನಟ್ಟಿಯ ಅಣ್ಣಾಸಾಹೇಬರ ಕಾರಿನ ಡ್ರೈವರು. ಅವರ ಮಗನ ಮದುವೆ ಬಂದಿತ್ತು, ಕಾರಿಗೆ ಅಲಾಯ್ ಗಾಲಿ ಬೇಕೆಂದರು. ಗೋಕಾಕ, ಮೂಡಲಗಿ ಕಡೆ ಅದನ್ನು ಬಲ್ಲವನು ನಾನೊಬ್ಬನೇ ಎಂಬ ಹಮ್ಮು ನನಗೆ. ಕೊಲ್ಹಾಪುರದಿಂದ ತರಿಸಿದೆ. ಬೋಲ್ಟಿನ ತೂತುಗಳು ಸರಿಯಾಗಿ ಕೂತವು. ನಮ್ಮ ಕಡೆ ಅಷ್ಟು ನೋಡಿದರೆ ಮುಗಿಯಿತು. ಗಾಲಿ ಬಾಡಿಯಿಂದ ಹೊರಗೆ ಬಂದಷ್ಟೂ ರುಬಾಬು. ನೀವು ಕಾರಿನ ಸುತ್ತ ಒಂದು ಸುತ್ತು ಹಾಕಿ ನಕ್ಕಿರಿ: "ಏನ್ರಿ ಮಾಲಕ್ರ, ಅಣ್ಣನ ಬೂಟು ತಮ್ಮ ಹಾಕ್ಕೊಂಡು ನಿಂತಂಗ ಕಾಣಾಕತ್ತೈತಲ್ರಿ!"

ರಿಮ್ಮಿನ ಹಿಂಬದಿಯಲ್ಲಿ ಕೆಲವು ಅಂಕಿಗಳಿರುತ್ತವೆ: ಅಗಲ, ವ್ಯಾಸ, ಮತ್ತೆ ಇ.ಟಿ. ಎಂಬ ಅಕ್ಷರಗಳ ಮುಂದೆ ಒಂದು ಅಂಕಿ. ರಿಮ್ಮಿನ ಅಗಲದ ನಟ್ಟನಡುವಿನಿಂದ, ಕಾರಿಗೆ ಬಿಗಿಯುವ ಮುಖ ಎಷ್ಟು ಮಿಲಿಮೀಟರ್ ಹೊರಕ್ಕಿದೆ ಎಂಬುದೇ ಅದು. ಕಂಪನಿಯ ಗಾಲಿಯ ಮೇಲೆ ನಲವತ್ತೈದು. ನಾನು ತಂದದ್ದರ ಮೇಲೆ ಇಪ್ಪತ್ತು. ಅಂಕಿ ಇಳಿದಷ್ಟೂ ಗಾಲಿ ಹೊರಗೆ ಬರುತ್ತದೆ — ಇಲ್ಲಿ ಸುಮಾರು ಒಂದೂವರೆ ಬೆರಳು. ಡ್ರೈವರ್ ಒಬ್ಬನೇ ಇದ್ದರೆ ತಿಳಿಯುವುದಿಲ್ಲ. ಮಂದಿ ತುಂಬಿ ಕಾರು ಕೆಳಗೆ ಕುಸಿದಾಗ ಮಡ್‌ಗಾರ್ಡಿನ ಅಂಚು ಟೈರನ್ನು ಕೊಯ್ಯುತ್ತದೆ.

ಆ ಇಪ್ಪತ್ತನ್ನು ನಾನು ಓದಿದ್ದು ಯಾವಾಗ? ಅಪಘಾತದ ನಂತರ, ಮಣ್ಣು ಒರೆಸುವಾಗ — ನನ್ನ ನೆನಪು ಬಹಳ ದಿನ ಹೀಗೆ ಹೇಳಿತು. ಒದ್ದೆ ಅರಿವೆ, ಮಣ್ಣಿನಡಿಯಿಂದ ಮೆಲ್ಲಗೆ ಮೂಡುವ ಅಂಕಿ. ಎಷ್ಟು ಚೊಕ್ಕ! ಅಷ್ಟು ಚೊಕ್ಕವಾಗಿರುವುದರಿಂದಲೇ ನಾನದನ್ನು ನಂಬುವುದಿಲ್ಲ. ಜೋಡಿಸುವ ದಿನವೇ ಹಳೆಯ ಗಾಲಿ, ಹೊಸ ಗಾಲಿ ಎರಡನ್ನೂ ಬೋರಲು ಮಲಗಿಸಿ, ಮೇಲೆ ಕಬ್ಬಿಣದ ಪಟ್ಟಿ ಇಟ್ಟು ಟೇಪು ಹಿಡಿದಿದ್ದೆನಲ್ಲ. ಅಳೆದವನಿಗೆ ಗೊತ್ತಿರಲಿಲ್ಲವೇ?

ನಾಲ್ಕು ದಿನದ ಮೇಲೆ ನೀವು ಬಂದಿರಿ. "ಮಂದಿ ಕುಂತ್ರ ಹಿಂದ ತಿಕ್ಕಾಕತ್ತೈತ್ರಿ. ಸಾಹುಕಾರ್ರಿಗೆ ಹೇಳ್ಲೇನು?"

"ಬ್ಯಾಡ ಬಿಡ್ರಿ. ಹೊಸಾದು, ಹೊಂದ್ಕೋತೈತಿ."

"ನೀವು ಅಂದ್ರ ಮುಗೀತು."

ಮದುವೆಯಾದ ಮೇಲೆ ಬೀಗರ ಮನೆಗೆಂದು ಎಲ್ಲರೂ ಹುಕ್ಕೇರಿಗೆ ಹೊರಟಾಗ, ಬೆಲ್ಲದ ಬಾಗೇವಾಡಿಯ ಹತ್ತಿರ ಹಿಂದಿನ ಟೈರು ಒಡೆಯಿತು. ಅಣ್ಣಾಸಾಹೇಬರ ತಾಯಿಯ ಕೈ ಮುರಿಯಿತು.

ಟೈರನ್ನು ನನ್ನ ಅಂಗಡಿಗೇ ತಂದರು. ಹೊರ ಅಂಚಿನ ಸುತ್ತಲೂ ಕೊಯ್ದ ಗೆರೆ — ಕಣ್ಣಿದ್ದವನಿಗೆ ಕಾಣುವಂಥದು. "ಖರೆ ಹೇಳಪಾ, ತಪ್ಪು ಗಾಲಿದೋ, ಇವಂದೋ?" ಎಂದರು ಅಣ್ಣಾಸಾಹೇಬರು. ನೀವು ನನ್ನತ್ತ ನೋಡಿದಿರಿ, ನಿಶ್ಚಿಂತೆಯಿಂದ. ಇವನು ಹೇಳುತ್ತಾನೆ ಎಂಬ —

"ಗಾಲಿ ಸರಿ ಅದಾವ್ರಿ. ತಗ್ಗಿನ್ಯಾಗ ಜೋರ ಹೊಡದಾರ," ಎಂದೆ.

ಅಲ್ಲೇ ನಿಮ್ಮ ಕೈಯಿಂದ ಕೀಲಿ ಇಸಕೊಂಡರು. ಮುದುಕಿಯ ಕೈ ಮುರಿದವ ಎಂಬ ಹೆಸರು ನಿಮಗಿಂತ ಮುಂದೆ ಊರೂರಿಗೆ ಹೋಯಿತು. ಹುಕ್ಕೇರಿಯಿಂದ ಮೂಡಲಗಿಯವರೆಗೆ ಯಾರೂ ನಿಮಗೆ ಗಾಡಿ ಕೊಡಲಿಲ್ಲ.

ಮರುದಿನ ನಾನು ಸ್ಕೂಟರಿನ ಮೇಲೆ ಆ ಜಾಗಕ್ಕೆ ಹೋಗಿದ್ದೆ. ಒಂದಾದರೂ ತಗ್ಗು ಸಿಗಲಿ ಎಂದು ಹಿಂದಕ್ಕೂ ಮುಂದಕ್ಕೂ ನಡೆದೆ. ಹೊಸ ಡಾಂಬರು. ಎಲ್ಲೂ ಏನೂ ಇಲ್ಲ.

ಜಗಳಕ್ಕೆ ಬರುತ್ತೀರೆಂದು ಕಾದೆ. ಬಂದಿದ್ದರೆ ಬಹುಶಃ — ಇಲ್ಲ, ಆಗಲೂ ಹೇಳುತ್ತಿರಲಿಲ್ಲ. ಮೊದಲು ಇಬ್ಬರೂ ಹಳೆ ಟೈರುಗಳ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದೆವು. ಆಮೇಲೆ ಶಟರ್ ಅರ್ಧ ಇಳಿಸಿ ಒಬ್ಬನೇ ತಿಂದೆ. ಗಿರಾಕಿಗಳು ಹೆಚ್ಚಿದರು. ನನ್ನ ಮಾತು ನಂಬಿದ ಪ್ರತಿಯೊಬ್ಬರೂ ನನ್ನನ್ನು ಇನ್ನಷ್ಟು ಒಂಟಿ ಮಾಡಿ ಹೋದರು.

ಹೋದ ತಿಂಗಳು ರೈಲು ಸ್ಟೇಷನ್ನಿನಲ್ಲಿ, ನಾನು ತಪ್ಪಿಸಿಕೊಳ್ಳುವ ಮೊದಲೇ ಕೂಗಿದಿರಿ: "ಮಾಲಕ್ರ! ಎಷ್ಟ ಸೊರಗೀರಿ! ಮಂದಿಗೆಲ್ಲಾ ಗಾಳಿ ತುಂಬಿ ನಿಮಗ ಉಳೀಲಿಲ್ಲೇನು?" ಚಹಾ ಕುಡಿಸಿದಿರಿ. ಆಮೇಲೆ, ನಾನು ಕೇಳದಿದ್ದರೂ: "ಆವತ್ತು ನಂದ ತಪ್ಪರಿ. ಆ ತಗ್ಗು ಇನ್ನೂ ಕಣ್ಣಾಗ ಐತಿ. ಬೇವಿನ ಗಿಡದ ಬಾಜೂ, ನೀರ ನಿಂತಿತ್ತು. ನೋಡಿನೂ ತಪ್ಪಸ್ಲಿಲ್ಲ."

ಕೆಲಸವನ್ನಷ್ಟೇ ಕಸಿದೆನೆಂದು ತಿಳಿದಿದ್ದೆ. ನನ್ನ ಸುಳ್ಳಿನ ಪಕ್ಕ ನೀವು ಬೇವಿನ ಗಿಡ ನೆಟ್ಟಿದ್ದೀರಿ, ಇಲ್ಲದ ತಗ್ಗಿಗೆ ನೀರು ತುಂಬಿಸಿದ್ದೀರಿ, ಇಷ್ಟು ವರ್ಷ ಅದರಲ್ಲೇ ಬಿದ್ದಿದ್ದೀರಿ. ಮತ್ತು ನಾನು, ಆಗಲೂ — ನಿಮ್ಮ ಚಹಾ ಕುಡಿದು ಮುಗಿಸಿ ಎದ್ದು ಬಂದೆ.

ಈ ಭಾನುವಾರ ತುಕ್ಕಾನಟ್ಟಿಗೆ ಹೋಗುತ್ತೇನೆ. ಅಣ್ಣಾಸಾಹೇಬರ ಎದುರಿಗೆ, ಅವರ ಮನೆಯವರ ಎದುರಿಗೆ ಹೇಳುತ್ತೇನೆ. ಅದಕ್ಕೂ ಮೊದಲು ಇದು ನಿಮ್ಮ ಕೈ ಸೇರಬೇಕು. ಕ್ಷಮಿಸಿ ಎಂದು ಕೇಳುವುದಿಲ್ಲ. ಕೇಳಿದರೆ ನೀವು ಕ್ಷಮಿಸಿಬಿಡುತ್ತೀರಿ. ಇಷ್ಟು ಮಾತ್ರ ನಂಬಿ — ಆವತ್ತು ರಸ್ತೆ ಚೆನ್ನಾಗಿತ್ತು, ನೀವೂ ಚೆನ್ನಾಗಿಯೇ ಹೊಡೆಯುತ್ತಿದ್ದಿರಿ.