ಬಾವಿ ನೀರು, ಜೀಪಿನ ಬ್ಯಾಟರಿ

ಕಾಲುವೆಗೆ ನೀರು ಬಿಟ್ಟ ಮರುವರ್ಷ, ದೀಪಾವಳಿ ರಜೆಯ ಒಂದು ಸಂಜೆ, ಶಹಾಪುರದ ನಮ್ಮ ಮನೆಯಂಗಳದಲ್ಲಿ ನಾನು ನೀರಿನಿಂದ ಜಲಜನಕ ತೆಗೆದು ತೋರಿಸಿದೆ. ಆಗ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಅಣ್ಣ ಕೆಂಭಾವಿಗೆ ಬಾಡಿಗೆ ಜೀಪು ಓಡಿಸುತ್ತಿದ್ದ. ಡೀಸೆಲ್ಲು ದುಡಿಮೆಯನ್ನೆಲ್ಲ ನುಂಗುತ್ತಿದೆಯೆಂದು ಜೀಪು ಮಾರಲು ಹೊರಟಿದ್ದ. ಕೊಳ್ಳುವವರು ಮರುದಿನವೇ ಯಾದಗಿರಿಯಿಂದ ಬರುವವರಿದ್ದರು. ಜಲಜನಕದಿಂದ ಕಾರು ಓಡಿಸಬಹುದೆಂದು ಊಟಕ್ಕೆ ಕೂತಾಗ ನಾನು ಹೇಳಿದ್ದೇ ತಡ, ಜೀಪು ಉಳಿದೀತೆಂಬ ಆಸೆ ಅವನಿಗೆ ಹುಟ್ಟಿತು.

ಸೈಕಲ್ಲಿಗೆ ಕೊಡ ಕಟ್ಟಿಕೊಂಡು ಹೋಗಿ ಕಾಲುವೆ ನೀರನ್ನೇ ತಂದ. ಆ ವರ್ಷ ಊರಿಗೆಲ್ಲ ಅದರದೇ ಹುಚ್ಚು. ಕಾಲುವೆ ನೀರಿನಲ್ಲಿ ತೊಗರಿಬೇಳೆ ಬೆಣ್ಣೆಯ ಹಾಗೆ ಬೇಯುತ್ತಿತ್ತು. ಅಂಥ ರುಚಿಯ ಸಾರು ಆಮೇಲೆ ಉಂಡ ನೆನಪಿಲ್ಲ. ಹಿತ್ತಲ ಬಾವಿಯ ಉಪ್ಪುನೀರು ಪಾತ್ರೆ ತೊಳೆಯಲು ಮಾತ್ರ. ಒಳ್ಳೆಯ ಕೆಲಸಕ್ಕೆ ಒಳ್ಳೆಯ ನೀರೇ ಬೇಕೆಂದು ನನಗೂ ಅನಿಸಿತ್ತು.

ಜೀಪಿನ ಬ್ಯಾಟರಿಯಿಂದ ಎರಡು ತಂತಿ ಎಳೆದು, ಪೆನ್ಸಿಲ್ ಕಡ್ಡಿಗಳಿಗೆ ಸುತ್ತಿ, ನೀರಿನಲ್ಲಿ ಇಳಿಬಿಟ್ಟೆ. ಗುಳ್ಳೆ ಎದ್ದವೋ ಇಲ್ಲವೋ ಎನ್ನುವಷ್ಟು.

“ಏನಪಾ ಮಾಸ್ತರ, ನಿನ್ನ ಗ್ಯಾಸು ಸಂತಿಗೆ ಹೋಗ್ಯಾದೇನು?” ಎಂದ ಅಣ್ಣ.

ಪಾತ್ರೆ ತೊಳೆಯುತ್ತಿದ್ದ ವೈನಿ, ಅಣ್ಣನ ಹೆಂಡತಿ, ಒಂದು ತಂಬಿಗೆ ಬಾವಿ ನೀರು ತಂದು ಸುರಿದರು. “ನಮ್ಮ ಬಾವಿದೂ ಒಂದೀಟು ನೋಡ್ರಿ. ಇದರಾಗ ಬ್ಯಾಳಿ ಬೇಯಂಗಿಲ್ಲ, ಜೀಪರ ಓಡ್ತದೇನೋ.”

ಗುಳ್ಳೆಗಳು ಉಕ್ಕಿ ಬಂದವು. ಉಪ್ಪಿಲ್ಲದ ನೀರಿನಲ್ಲಿ ವಿದ್ಯುತ್ ಸರಿಯಾಗಿ ಹರಿಯದೆಂದು ಪ್ರತಿ ವರ್ಷ ಮಕ್ಕಳಿಗೆ ಬರೆಸುತ್ತಿದ್ದವನು ನಾನೇ. ಬೋರಲು ಹಿಡಿದ ಗಾಜಿನ ನಳಿಗೆಯಲ್ಲಿ ಅನಿಲ ತುಂಬಿಸಿ ಕಡ್ಡಿ ಗೀರಿದಾಗ ಪಟ್ಟೆಂದಿತು. ಅಣ್ಣ ಮತ್ತೆ ಮತ್ತೆ ಮಾಡಿಸಿದ. ಖುಷಿಯಲ್ಲಿ ತಂತಿ ಬಿಚ್ಚುವುದು ಇಬ್ಬರಿಗೂ ಮರೆತುಹೋಯಿತು.

ಬೆಳಿಗ್ಗೆ ಜೀಪು ಚಾಲೂ ಆಗಲಿಲ್ಲ. ಅಂದು ಕೆಂಭಾವಿ ಸಂತೆ. ಓಣಿಯ ಪ್ರಯಾಣಿಕರು ಬುಟ್ಟಿ ಕೆಳಗಿಟ್ಟು ನೂಕಿದರು.

“ಮಾಸ್ತರು ನೀರು ಹಾಕ್ಯಾರಂತ, ಮತ್ತ ನಾವ್ಯಾಕ ನೂಕಬೇಕ್ರಿ?” ಎಂದು ಕಾಯಿಪಲ್ಲೆ ಮಾರುವ ಮುದುಕಿ ಕೇಳಿದಳು. ನಾನೂ ನೂಕುತ್ತಿದ್ದೆ.

ಎಂಜಿನ್ ಶುರುವಾದ ಮೇಲೆ ಅಣ್ಣ ಕೇಳಿದ: “ಒಂದು ಬ್ಯಾಟ್ರಿ ಪೂರಾ ತಿಂತಲ್ಲೋ. ಅಷ್ಟು ಗ್ಯಾಸಿನಾಗ ಜೀಪು ಎಲ್ಲಿ ತನಕ ಹೋಗ್ತದ?”

“ಊರ ಅಗಸಿ ಬಾಗಿಲಾನೂ ದಾಟಂಗಿಲ್ಲಣ್ಣ.”

“ಹಂಗಾರ ನಾವು ನೀರು ಸುಡಾಕತ್ತಿಲ್ಲ, ಬ್ಯಾಟ್ರಿ ಸುಡಾಕತ್ತೇವಿ.”

ಮಧ್ಯಾಹ್ನ ಯಾದಗಿರಿಯವರು ಬಂದರು. ಸಂತೆಯಿಂದ ಮರಳಿದ ಅಣ್ಣ ಕೀಲಿ ಕೊಟ್ಟ. ಜೀಪು ಆಮೇಲೆ ಸುರಪುರಕ್ಕೆ, ಅಲ್ಲಿಂದ ಕಕ್ಕೇರಾಕ್ಕೆ ಹೋಯಿತು. ಕೊನೆಯ ಸಲ ಕಂಡದ್ದು ತಿಂಥಣಿಯಲ್ಲಿ. ಎಂಜಿನ್ ಬಿಚ್ಚಿ ಹೊಳೆದಂಡೆಯ ಪಂಪಿಗೆ ಜೋಡಿಸಿದ್ದರು. ಡೀಸೆಲ್ಲಿನಲ್ಲೇ ಓಡುತ್ತಿತ್ತು.